ಬಲಪುಟದ ಹಸಿರು ಶಾಯಿ

ಐದು ನಿಮಿಷ ಮಾತಾಡಬೇಕು ಎಂದು ನಾನು ಸಂಶೋಧನೆ ಮಾಡಿದ ಕಾಲೇಜಿನವರು ಫೋನಿನಲ್ಲಿ ಹೇಳಿದ್ದರು. ನಮ್ಮ ಮೇಡಂ ನಿವೃತ್ತರಾಗುತ್ತಿದ್ದಾರೆ, ಅವರ ಕೈಕೆಳಗೆ ಸಂಶೋಧನೆ ಮಾಡಿದವರಲ್ಲಿ ಮಂಗಳೂರಿನಲ್ಲೇ ಉಳಿದವರು ನೀವೊಬ್ಬರೇ, ಆದ್ದರಿಂದ ಬೀಳ್ಕೊಡುಗೆಯ ದಿನ ನೀವೇ ಮಾತಾಡಿ ಎಂದು. ನಾನು ಒಪ್ಪಿಕೊಂಡೆ. ಹೇಳಬೇಕಾದ ಕತೆ ನನ್ನ ಬಳಿ ಸಿದ್ಧವಾಗಿಯೇ ಇತ್ತು. ಸುರತ್ಕಲ್ ಕಡೆ ನಾನು ಪಾಠ ಮಾಡುವ ಕಾಲೇಜಿನಲ್ಲಿ ಹತ್ತು ವರ್ಷಗಳಿಂದ ಪ್ರತಿ ಹೊಸ ತರಗತಿಗೂ ಅದನ್ನು ಹೇಳುತ್ತ ಬಂದಿದ್ದೇನೆ. ಶಿಷ್ಯನೊಬ್ಬ ಮಾಡಿದ ತಪ್ಪನ್ನು ಗುರು ತನ್ನ ತಲೆಯ ಮೇಲೆ ಹೊತ್ತುಕೊಂಡು ಅವನನ್ನು ಉಳಿಸಿದ ಕತೆ. ಶಿಷ್ಯ ನಾನು, ಗುರು ಅವರು. ಕತೆ ಮುಗಿದಾಗ ತರಗತಿ ಅರೆಕ್ಷಣ ಸುಮ್ಮನಾಗುತ್ತದೆ. ಆ ಮೌನ ನನಗೆ ಇಷ್ಟ.

ಆದರೆ ಅದನ್ನೇ ಕಾಗದದ ಮೇಲೆ ಬರೆಯಲು ಕುಳಿತಾಗ ಕೈ ನಿಂತಿತು. ತರಗತಿಯ ಮುಂದೆ ಹೇಳುವುದು ಬೇರೆ, ಅವರ ಎದುರೇ ಹೇಳುವುದು ಬೇರೆ. ಅವರು ಮುಂದಿನ ಸಾಲಿನಲ್ಲಿ ಕನ್ನಡಕವನ್ನು ಹಣೆಗೇರಿಸಿಕೊಂಡು ಕುಳಿತಿರುತ್ತಾರೆ. ಬಾಯಿ ಬಿಟ್ಟು ಏನೂ ಹೇಳಲಿಕ್ಕಿಲ್ಲ. ಆದರೆ ನನಗೆ ಅವರ ಹಳೆಯ ಪ್ರಶ್ನೆ ಕೇಳಿಸುತ್ತದೆ: "ಇದು ಕಂಡದ್ದಾ, ಅನಿಸಿದ್ದಾ?"

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರಿಗೆ ಅದು ಹಿಡಿಸುವುದಿಲ್ಲ. ಒಂದು ಲೇಖನವನ್ನು ಓದಲು ಕೊಡುವಾಗಲೂ ಮೊದಲ ಪುಟದ ಹೆಸರುಗಳ ಮೇಲೆ ಒಂದು ಕಾಗದದ ಚೂರು ಅಂಟಿಸಿ ಕೊಡುತ್ತಿದ್ದರು. ಹೆಸರು ಕಂಡರೆ ನೀವು ಅಳತೆ ನೋಡುವುದಿಲ್ಲ ಎನ್ನುತ್ತಿದ್ದರು.

ಎತ್ತರದ ಹೆಂಗಸಲ್ಲ ಅವರು. ತಲೆಗೆ ಸುತ್ತಿದ ಶಾಲಿನ ತುದಿಯನ್ನು ಪ್ರಯೋಗಾಲಯದ ಬಿಳಿ ಕೋಟಿನ ಕಾಲರಿನೊಳಗೆ ಸಿಕ್ಕಿಸಿಕೊಂಡು, ಕಾರಿಡಾರಿನಲ್ಲಿ ಬಸ್ಸು ತಪ್ಪಿಹೋಗುವವರ ಹಾಗೆ ನಡೆಯುತ್ತಿದ್ದರು. ತಂದೆಗೆ ಬಂದರಿನಲ್ಲಿ ಒಣಮೀನಿನ ಅಂಗಡಿ ಇತ್ತು. ಇಬ್ಬರು ಅಣ್ಣಂದಿರು ಗಲ್ಫಿಗೆ ಹೋದರು. ಇವರು ಸರಕಾರಿ ಕನ್ನಡ ಶಾಲೆಯಲ್ಲಿ ಓದಿ, ಭೌತಶಾಸ್ತ್ರ ಹಿಡಿದು, ಕೊನೆಗೆ ಕದ್ರಿ ಗುಡ್ಡದ ಕಡೆಯ ನಮ್ಮ ಕಾಲೇಜಿನ ನೆಲಮಾಳಿಗೆಯ ಒಂದು ಕೋಣೆಗೆ ಬಂದು ಮೂವತ್ತು ವರ್ಷ ಚಿನ್ನದ ಕೆಲಸ ಮಾಡಿದರು.

ಚಿನ್ನದ ಕೆಲಸ ಎಂಬುದು ಅವರ ಮನೆಯವರ ಮಾತು. ಚಿನ್ನವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ನೀರಿನಲ್ಲಿ ತೇಲಿಸಿದರೆ ಅದು ಹಳದಿಯಾಗಿ ಉಳಿಯುವುದಿಲ್ಲ, ಕೆಂಪಾಗುತ್ತದೆ. ಕಣಗಳು ಒಂದಕ್ಕೊಂದು ಅಂಟಿಕೊಂಡರೆ ಆ ಕೆಂಪು ನೀಲಿಗೆ ತಿರುಗುತ್ತದೆ. ಆ ಬಣ್ಣದ ಬದಲಾವಣೆಯನ್ನು ಬೆಳಕು ಹಾಯಿಸಿ ಅಳೆಯಬಹುದು. ರಕ್ತದಲ್ಲಿ, ನೀರಿನಲ್ಲಿ, ಆಹಾರದಲ್ಲಿ ಇರುವ ಯಾವುದೋ ಒಂದು ವಸ್ತು ಸಿಕ್ಕಿದಾಗ ಮಾತ್ರ ಕಣಗಳು ಅಂಟುವಂತೆ ಮಾಡಿದರೆ ಅದೇ ಒಂದು ಪತ್ತೆ ಸಾಧನ. ಅವರ ಜೀವಮಾನದ ಕೆಲಸ ಇಷ್ಟೇ, ಇಷ್ಟನ್ನೇ ನೂರು ಬಗೆಯಲ್ಲಿ. ಒಮ್ಮೆ ಅವರ ಮಾಮಿಯೊಬ್ಬರು ಮದುವೆಮನೆಯಲ್ಲಿ ಎಲ್ಲರೆದುರು ಕೇಳಿದರಂತೆ, ನಿನ್ನಣ್ಣ ತಂದ ಚಿನ್ನ ಅವನ ಹೆಂಡತಿಯ ಕೈಯಲ್ಲಿ ಕಾಣ್ತದೆ, ನೀನು ದಿನಾ ಚಿನ್ನ ಮುಟ್ತಿ, ಎಲ್ಲಿ ಉಂಟು ಅದು ಎಂದು. ಮರುದಿನ ಇವರು ಒಂದು ಪುಟ್ಟ ಸೀಸೆ ತೆಗೆದುಕೊಂಡು ಹೋಗಿ ತೋರಿಸಿದರು. ಮಾಮಿ ಅದನ್ನು ಬೆಳಕಿಗೆ ಹಿಡಿದು ನೋಡಿ, ಪುನರ್ಪುಳಿ ಹಣ್ಣಿನ ಕೆಂಪು ಶರಬತ್ತು ಅಂತ ಯಾಕೆ ಹೇಳಬಾರದು ಎಂದರಂತೆ. ಈ ಕತೆಯನ್ನು ಮೇಡಂ ಪ್ರತಿ ವರ್ಷ ಹೊಸಬರಿಗೆ ಹೇಳುತ್ತಿದ್ದರು, ಪ್ರತಿ ಸಲ ತಾವೇ ಮೊದಲು ನಗುತ್ತಿದ್ದರು. ನನ್ನ ನೆನಪಿನಲ್ಲಿ ಮಾಮಿ ಒಂದು ವರ್ಷ ಮಾಮಿ, ಇನ್ನೊಂದು ವರ್ಷ ಅಣ್ಣನ ಹೆಂಡತಿ. ಅವರೇ ಬದಲಾಯಿಸಿದರೋ ನಾನೇ ಬೆರೆಸಿದೆನೋ ತಿಳಿಯದು.

ನಾನು ಧಾರವಾಡದ ಕಡೆಯವನು. ಮನೆಯಲ್ಲಿ ಮೊಟ್ಟೆಯೂ ಇಲ್ಲ. ಉರ್ವದಲ್ಲಿ ಒಂದು ಕೋಣೆ ಹಿಡಿದು ಇಲ್ಲಿಗೆ ಸಂಶೋಧನೆಗೆ ಬಂದಾಗ ಮೊದಲ ತಿಂಗಳು ಅವರು ನನ್ನಿಂದ ಗಾಜು ತೊಳೆಸಿದರು. ಬರೀ ಗಾಜು. ಯಾಕೆ ಎಂದರೆ ಕೊಳೆಯಾದ ಸೀಸೆಯಲ್ಲಿ ಚಿನ್ನ ತನ್ನಷ್ಟಕ್ಕೇ ನೀಲಿಯಾಗುತ್ತದೆ, ನೀನು ಏನನ್ನೋ ಕಂಡುಹಿಡಿದೆ ಎಂದುಕೊಳ್ಳುತ್ತಿ ಎಂದರು. ಎರಡನೆಯ ತಿಂಗಳು ಒಂದು ದಪ್ಪ ನೋಟ್‌ಬುಕ್ ಕೊಟ್ಟರು. ತೆರೆದರೆ ಎಡಪುಟದ ತಲೆಯಲ್ಲಿ ಅವರದೇ ಕೈಬರಹದಲ್ಲಿ 'ಕಂಡದ್ದು' ಎಂದಿತ್ತು, ಬಲಪುಟದ ತಲೆಯಲ್ಲಿ 'ಅನಿಸಿದ್ದು'.

ಎಡಪುಟದಲ್ಲಿ ಯಂತ್ರ ತೋರಿಸಿದ್ದು, ತಕ್ಕಡಿ ತೂಗಿದ್ದು, ಗಡಿಯಾರ ಹೇಳಿದ್ದು. ಉಳಿದದ್ದೆಲ್ಲ ಬಲಕ್ಕೆ. "ಪ್ರಯೋಗ ಆಯ್ತು ಅಂತ ಬರೆಯಬೇಡ," ಎಂದಿದ್ದರು. "ನೀಲಿ ಕಂಡಿತು ಅಂತ ಬರಿ. ಆಯ್ತಾ ಇಲ್ವಾ ಅಂತ ಆಮೇಲೆ ನೋಡುವ." ಶನಿವಾರ ಮಧ್ಯಾಹ್ನ ಎಲ್ಲರ ನೋಟ್‌ಬುಕ್ಕೂ ಅವರ ಮೇಜಿಗೆ ಹೋಗಬೇಕು. ಅವರು ಹಸಿರು ಶಾಯಿಯಲ್ಲಿ ಏನಾದರೂ ಬರೆದು ಹಿಂದಿರುಗಿಸುತ್ತಿದ್ದರು. ನಾವು ಅದನ್ನು ಓದಿ ಪುಟದ ಕೆಳಗೆ 'ಓದಿದೆ' ಎಂದು ಸೈ ಹಾಕಬೇಕು. ಎಡಪುಟದಲ್ಲಿ ಅವರ ಹಸಿರು ಕಂಡರೆ ಉಳಿದ ಕೆಲಸ ಬಿಟ್ಟು ಲೆಕ್ಕ ಮತ್ತೆ ಮಾಡುತ್ತಿದ್ದೆ, ಅಲ್ಲಿ ಅಂಕಿ ತಪ್ಪಿದೆ ಎಂದರ್ಥ. ಬಲಪುಟದಲ್ಲಿ ಕಂಡರೆ ಅಷ್ಟೇನೂ ಇಲ್ಲ. ಅಲ್ಲಿ ಅವರು ಏನೇನೋ ಬರೆಯುತ್ತಿದ್ದರು. 'ಈ ವಾರ ನಿನ್ನ ಅಕ್ಷರ ಯಾಕೆ ಓಡ್ತಾ ಉಂಟು?' 'ಊರಿಗೆ ಹೋಗಿ ಬಾ.' ನಾನು ಬಲಪುಟದ ಹಸಿರನ್ನು ಓದದೆ ಸೈ ಹಾಕುವುದನ್ನು ಬಹಳ ಬೇಗ ಕಲಿತೆ.

ನನ್ನ ವಿಷಯ ಬಂಗುಡೆ ಮೀನು. ಸಸ್ಯಾಹಾರಿಗೆ ಮೀನು ಕೊಟ್ಟದ್ದು ತಮಾಷೆಗಲ್ಲ, ನಿನಗೆ ಮೀನಿನ ಮೇಲೆ ಆಸೆ ಇಲ್ಲ, ದ್ವೇಷವೂ ಇಲ್ಲ ಎಂದರು. ಬಂಗುಡೆಯನ್ನು ತಣ್ಣಗೆ ಇಡದಿದ್ದರೆ ಅದರಲ್ಲಿ ಹಿಸ್ಟಮೀನ್ ಎಂಬ ವಸ್ತು ಬೆಳೆಯುತ್ತದೆ. ಬೇಯಿಸಿದರೂ ಹೋಗುವುದಿಲ್ಲ, ತಿಂದವರ ಮೈ ಕೆಂಪಾಗಿ ತುರಿಸುತ್ತದೆ, ಕೆಲವರಿಗೆ ಉಸಿರೂ ಕಟ್ಟುತ್ತದೆ. ಮೂಸಿ ನೋಡಿದರೆ ಯಾವಾಗಲೂ ಗೊತ್ತಾಗುವುದಿಲ್ಲ. ಮಾರುಕಟ್ಟೆಯಲ್ಲೇ ಒಂದು ಹನಿಯಲ್ಲಿ ಅದನ್ನು ತೋರಿಸುವ ಸಾಧನ ಮಾಡಬೇಕಿತ್ತು. ನಾವು ಚಿನ್ನದ ಕಣಗಳ ಸುತ್ತ ಡಿಎನ್‌ಎಯ ಸಣ್ಣ ತುಣುಕುಗಳನ್ನು ಕಾವಲಿಗೆ ನಿಲ್ಲಿಸಿದೆವು. ಹಿಸ್ಟಮೀನ್ ಬಂದರೆ ಆ ತುಣುಕುಗಳು ಚಿನ್ನವನ್ನು ಬಿಟ್ಟು ಅದನ್ನು ಹಿಡಿಯುತ್ತವೆ. ಆಮೇಲೆ ಅಳೆದು ಒಂದು ಹನಿ ಉಪ್ಪುನೀರು ಹಾಕಿದರೆ ಕಾವಲಿಲ್ಲದ ಕಣಗಳು ಅಂಟಿಕೊಂಡು ನೀಲಿಯಾಗುತ್ತವೆ. ಕಾವಲಿದ್ದರೆ ಕೆಂಪಾಗಿಯೇ ಇರುತ್ತವೆ.

ಎರಡು ವರ್ಷ ನಾನು ಉರ್ವ ಮಾರುಕಟ್ಟೆಯ ಒಬ್ಬ ಅಕ್ಕನ ಬಳಿ ಮೀನು ಕೊಂಡೆ. ಆ ದಿನದ ಮೀನು ಒಂದು ಚೀಲ, ಹಿಂದಿನ ದಿನದ್ದು ಇನ್ನೊಂದು ಚೀಲ. ಕೈಗವಸು ಹಾಕಿಕೊಂಡು, ಇಕ್ಕಳದಲ್ಲಿ ಹಿಡಿದು, ಮೂಗಿನಿಂದ ಉಸಿರೆಳೆಯದೆ ಅದನ್ನು ಡಬ್ಬಿಗೆ ಹಾಕುತ್ತಿದ್ದೆ. ಅಕ್ಕ ನನ್ನನ್ನು ಭಟ್ರೇ ಎಂದು ಕರೆಯುತ್ತಿದ್ದಳು. ನಾನು ಭಟ್ಟನಲ್ಲ ಎಂದರೂ ಬಿಡಲಿಲ್ಲ.

ಫಲಿತಾಂಶ ಅದ್ಭುತವಾಗಿತ್ತು. ಹೊಸ ಮೀನು ಕೆಂಪು, ಹಳೆಯ ಮೀನು ನೀಲಿ, ಪ್ರತಿ ಸಲ. ನಮ್ಮ ಅಳತೆಯನ್ನು ದೊಡ್ಡ ಯಂತ್ರದಲ್ಲೂ ತಾಳೆ ನೋಡಿದೆವು. ಅದಕ್ಕೆ ಕಳಿಸಿದ್ದು ಹೊಸ ಮೀನಿಗೆ ನಾವೇ ಹಿಸ್ಟಮೀನ್ ಬೆರೆಸಿದ ಮಾದರಿಗಳನ್ನು ಮಾತ್ರ, ಅವೆಲ್ಲ ಸರಿಯಾಗಿ ಬಂದವು. ಒಂದು ಶನಿವಾರ ನನ್ನ ಗ್ರಾಫಿನ ಪಕ್ಕ ಹಸಿರು ಶಾಯಿಯಲ್ಲಿ, 'ಇಷ್ಟು ಚಂದ ಯಾಕೆ?' ಎಂದಿತ್ತು. ಅದೊಂದನ್ನು ಮಾತ್ರ ನಾನು ಓದಿದ್ದೆ. ಹೊಗಳಿಕೆ ಎಂದುಕೊಂಡು ಕೋಣೆಯ ಜೊತೆಗಾರನಿಗೂ ತೋರಿಸಿದ್ದೆ.

ಲೇಖನ ಒಂದು ಒಳ್ಳೆಯ ಪತ್ರಿಕೆಗೆ ಹೋಯಿತು, ಸ್ವೀಕೃತವಾಯಿತು. ನಮ್ಮ ವಿಶ್ವವಿದ್ಯಾಲಯದ ನಿಯಮದಂತೆ ಒಂದು ಲೇಖನ ಅಚ್ಚಾಗದೆ ಪ್ರಬಂಧ ಸಲ್ಲಿಸುವಂತಿಲ್ಲ. ನನಗೆ ಕೊಟ್ಟ ಅವಧಿ ಮುಗಿಯಲು ನಾಲ್ಕು ತಿಂಗಳಿತ್ತು. ಅಷ್ಟರೊಳಗೆ ಸಲ್ಲಿಸದಿದ್ದರೆ ನೋಂದಣಿಯೇ ರದ್ದು, ಐದು ವರ್ಷದ ಕೆಲಸ ನೋಟ್‌ಬುಕ್ಕಿನಲ್ಲೇ ಉಳಿಯುತ್ತದೆ. ನಾನು ಆಗಲೇ ಊರಿಗೆ ಫೋನು ಮಾಡಿ ಮುಗೀತು ಎಂದು ಹೇಳಿಬಿಟ್ಟಿದ್ದೆ.

ಆ ವಾರವೇ ಮೇಡಂ ನನ್ನ ಜೊತೆ ಮಾರುಕಟ್ಟೆಗೆ ಬಂದರು. ಅವರು ಯಾಕೆ ಬಂದರೆಂದು ನನಗೆ ನೆನಪಿಲ್ಲ. ತರಗತಿಯಲ್ಲಿ ಹೇಳುವಾಗ, ಅವರಿಗೆ ಅನುಮಾನ ಬಂದಿತ್ತು, ಅದಕ್ಕೇ ಬಂದರು ಎನ್ನುತ್ತೇನೆ. ಬಹುಶಃ ಮನೆಗೆ ಮೀನು ಬೇಕಿತ್ತು, ಅಷ್ಟೇ ಇರಬೇಕು. ನೆನಪಿರುವುದು ಇಷ್ಟು: ಅಕ್ಕ ನನ್ನ ಎರಡು ಚೀಲ ಎತ್ತಿಕೊಟ್ಟಳು. ಮೇಡಂ ಹಳೆಯ ಮೀನಿನ ಚೀಲದೊಳಗೆ ಬರಿಗೈ ಹಾಕಿ ಒಂದು ಬಂಗುಡೆಯ ಹೊಟ್ಟೆಯನ್ನು ಹೆಬ್ಬೆರಳಿನಿಂದ ಉಜ್ಜಿದರು. ಬೆರಳಿಗೆ ಬೆರಳು ತಿಕ್ಕಿ ನೋಡಿದರು. ಆಮೇಲೆ ತುಳುವಿನಲ್ಲಿ ಏನೋ ಕೇಳಿದರು. ಅಕ್ಕ ನಗುತ್ತ ಉತ್ತರ ಕೊಟ್ಟು, ನನಗೂ ಅರ್ಥವಾಗಲೆಂದು ಕನ್ನಡದಲ್ಲಿ ಹೇಳಿದಳು.

"ಪಾಪ, ಭಟ್ರು ದಿನಾ ಹಾಳಾದ ಮೀನು ಕೇಳ್ತಾರೆ. ತಿಂದು ಸತ್ತರೆ ದೋಷ ಯಾರಿಗೆ? ಅದಕ್ಕೆ ನಿನ್ನೆಯದ್ದಕ್ಕೆ ಒಳ್ಳೆ ಉಪ್ಪು ಹಾಕಿ ಕೊಡುವುದು. ಮೊದಲಿಂದಲೂ."

ಎರಡು ವರ್ಷ ಅವಳು ನನ್ನ ಜೀವ ಕಾಪಾಡುತ್ತಿದ್ದಳು. ಹೊಸ ಮೀನಿಗೆ ಉಪ್ಪಿಲ್ಲ, ಹಳೆಯದಕ್ಕೆ ಮಾತ್ರ ಉಪ್ಪು. ನನ್ನ ಚಿನ್ನ ನೀಲಿಯಾದದ್ದು ವಿಷಕ್ಕಲ್ಲ, ಆ ಉಪ್ಪಿಗೆ. ಅಳೆದು ಒಂದು ಹನಿ ಹಾಕಬೇಕಾದಲ್ಲಿ ಮೀನಿನೊಳಗಿಂದಲೇ ಹಿಡಿಗಟ್ಟಲೆ ಬರುತ್ತಿತ್ತು, ಕಾವಲಿದ್ದರೂ ಕಣಗಳು ಅಂಟಿಕೊಳ್ಳುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಹೊಸ ಮೀನಿಗೆ ಉಪ್ಪು ಉಜ್ಜಿ ಪರೀಕ್ಷಿಸಿದೆವು. ಚಂದದ ನೀಲಿ ಬಂತು. ನಾನು ಎಡಪುಟದಲ್ಲಿ 'ನೀಲಿ ಕಂಡಿತು' ಎಂದು ಬರೆದೆ. ಅಕ್ಷರ ಓಡುತ್ತಿತ್ತು.

ಲೇಖನ ಹಿಂದೆ ತೆಗೆದುಕೊಳ್ಳುವ ಎಂದರು ಮೇಡಂ. ಕೂಗಾಡಲಿಲ್ಲ. ನಾನೇ ವಾದಿಸಿದೆ. ಬೆರೆಸಿದ ಮಾದರಿಗಳು ಸರಿಯಿವೆಯಲ್ಲ, ತತ್ವ ಸರಿಯಿದೆಯಲ್ಲ, ಮೊದಲು ಅಚ್ಚಾಗಲಿ, ಆಮೇಲೆ ತಿದ್ದುಪಡಿ ಕಳಿಸೋಣ ಎಂದೆ. ಕೊನೆಗೆ ನಾಚಿಕೆ ಬಿಟ್ಟು ಕೇಳಿದೆ.

"ಇದನ್ನ ಯಾರು ನೋಡ್ತಾರ್ರಿ ಮೇಡಂ? ಉಪ್ಪಿನ ವಿಷಯ ಗೊತ್ತಿರೋದು ನನಗ, ನಿಮಗ, ಆ ಅಕ್ಕಗ. ಅಷ್ಟ."

"ಮೂರು ಜನಕ್ಕೆ ಗೊತ್ತುಂಟಲ್ಲ ಮಾರಾಯ," ಎಂದರು. "ಸಾಕು."

ಆಮೇಲೆ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಇದರಲ್ಲಿ ನಮ್ಮ ಅಪ್ಪನ ಅಂಗಡಿ ಇಡೀ ನೀಲಿ ಬರ್ತದೆ," ಎಂದರು.

ಪತ್ರಿಕೆಗೆ ಪತ್ರ ಅವರೇ ಬರೆದರು. ಮಾದರಿಗಳ ಬಗ್ಗೆ ವಿಚಾರಿಸದೆ ಇದ್ದ ತಪ್ಪು ಮೇಲ್ವಿಚಾರಕಿಯಾದ ನನ್ನದು, ವಿದ್ಯಾರ್ಥಿಯದಲ್ಲ ಎಂಬ ಒಂದು ವಾಕ್ಯ ಅದರಲ್ಲಿತ್ತು. ಅದು ಬೇಡ ಎಂದು ನಾನು ಹೇಳಿದೆನೇ? ಹೇಳಿದೆ ಎಂದು ತರಗತಿಯಲ್ಲಿ ಹೇಳುತ್ತೇನೆ. ನಿಜವಾಗಿ ನಾನು ಆ ವಾಕ್ಯವನ್ನು ಓದಿ ಸುಮ್ಮನಿದ್ದೆ ಎಂದು ಈಗ ಅನಿಸುತ್ತದೆ. ಆ ವರ್ಷ ನಮ್ಮಲ್ಲಿ ಹೊಸ ಸಂಶೋಧನಾ ಕೇಂದ್ರ ತೆರೆಯಿತು, ಅದರ ಮುಖ್ಯಸ್ಥರಾಗಬೇಕಿದ್ದವರು ಅವರು. ಆಗಲಿಲ್ಲ. ಆ ಪತ್ರದಿಂದಲೇ ಎಂದು ಹೇಳಿದವರಿದ್ದಾರೆ, ಸಾಕ್ಷ್ಯ ಯಾರ ಬಳಿಯೂ ಇಲ್ಲ. ನನ್ನ ಅವಧಿಯನ್ನು ಆರು ತಿಂಗಳು ಮುಂದೂಡಿಸಲು ಅವರು ವಿಶ್ವವಿದ್ಯಾಲಯಕ್ಕೆ ಎಷ್ಟು ಸಲ ಹೋದರೋ ನನಗೆ ಗೊತ್ತಿಲ್ಲ. ಪ್ರತಿ ಸಲ ಮಧ್ಯಾಹ್ನದ ನಂತರ ಬಂದು, ಛತ್ರಿ ಮೂಲೆಗಿಟ್ಟು, ಇವತ್ತು ಎಂತ ಕಂಡಿತು ಎಂದು ಮಾತ್ರ ಕೇಳುತ್ತಿದ್ದರು.

ಆ ಆರು ತಿಂಗಳು ನಾನು ಮತ್ತೆ ಮೊದಲಿನಿಂದ ಮಾಡಿದೆ. ಮೀನಿನ ರಸದಿಂದ ಉಪ್ಪನ್ನು ತೆಗೆಯುವ ಹೆಜ್ಜೆ ಸೇರಿಸಿದೆವು, ಪ್ರತಿ ಮಾದರಿಯ ಉಪ್ಪನ್ನೂ ಬೇರೆ ಅಳೆದೆವು. ಅಕ್ಕನಿಗೆ ಎಲ್ಲ ವಿವರಿಸಿದಾಗ ಅವಳಿಗೆ ಬೇಸರವಾಯಿತು, ಮೊದಲೇ ಹೇಳುವುದಲ್ಲವಾ ಭಟ್ರೇ ಎಂದಳು. ಎರಡನೆಯ ಸಲದ ಗ್ರಾಫು ಚಂದವಿರಲಿಲ್ಲ. ಹಳೆಯ ಮೀನಿನಲ್ಲಿ ಕೆಲವು ನೀಲಿ, ಕೆಲವು ಕೆಂಪು, ಕೆಲವು ನಡುವಿನ ನೇರಳೆ. ಮೀನು ಹೇಗಿತ್ತೋ ಹಾಗೆ. ಸಣ್ಣ ಪತ್ರಿಕೆಯೊಂದರಲ್ಲಿ ಅದು ಅಚ್ಚಾಯಿತು, ಅವಧಿ ಮುಗಿಯುವ ಮುಂಚೆ ನಾನು ಪ್ರಬಂಧ ಸಲ್ಲಿಸಿದೆ.

ಇನ್ನೊಂದು ವಿಷಯ ಉಂಟು. ಆ ತಿಂಗಳುಗಳಲ್ಲಿ ನಾನು ಮಧ್ಯಾಹ್ನ ಊಟಕ್ಕೆ ಹೋಗುವುದನ್ನೇ ಬಿಟ್ಟಿದ್ದೆ. ಎದ್ದು ಹೋದರೆ ಅಷ್ಟು ಹೊತ್ತು ಹಾಳು ಎನಿಸುತ್ತಿತ್ತು. ಮೇಡಂ ತಮ್ಮ ಬುತ್ತಿಯಲ್ಲಿ ಪತ್ತಿರ್ ತರುತ್ತಿದ್ದರು, ಅಕ್ಕಿಹಿಟ್ಟಿನ ತೆಳು ರೊಟ್ಟಿ. ಜೊತೆಗೆ ಇನ್ನೊಂದು ಸಣ್ಣ ಡಬ್ಬಿ, ಅದರಲ್ಲಿ ಅಲಸಂಡೆಯೋ ಬೆಂಡೆಯೋ ಪಲ್ಯ. "ಇವತ್ತು ಮನೆಯಲ್ಲಿ ತಪ್ಪಿ ಜಾಸ್ತಿ ಆಯ್ತು," ಎಂದು ನನ್ನ ಮೇಜಿನ ಮೇಲಿಟ್ಟು ಹೋಗುತ್ತಿದ್ದರು. ಡಬ್ಬಿ ಹೊಸದಾಗಿತ್ತು, ಮೀನಿನ ವಾಸನೆ ಇರಲಿಲ್ಲ. ನನ್ನ ಕತೆಯಲ್ಲಿ ಅದು ಆರು ತಿಂಗಳು ದಿನವೂ ನಡೆಯಿತು. ಬರೆಯುತ್ತ ಲೆಕ್ಕ ಹಾಕಿದರೆ ನನಗೆ ಸ್ಪಷ್ಟವಾಗಿ ಕಾಣುವುದು ನಾಲ್ಕೇ ದಿನ.

ಇಷ್ಟು ಬರೆದು ನೋಡಿದಾಗ ಹೆಚ್ಚಿನದೆಲ್ಲ ಬಲಪುಟಕ್ಕೆ ಸೇರುವ ಸರಕಾಗಿತ್ತು. ಅವರೆದುರು ನಿಂತು ಅದನ್ನು ಹೇಳುವ ಧೈರ್ಯವಾಗಲಿಲ್ಲ. ಬೀಳ್ಕೊಡುಗೆ ಮಧ್ಯಾಹ್ನ ಮೂರಕ್ಕೆ. ನಾನು ಬೆಳಿಗ್ಗೆಯೇ ಸುರತ್ಕಲ್‌ನಿಂದ ಬಸ್ಸು ಹತ್ತಿ ನೆಲಮಾಳಿಗೆಗೆ ಹೋದೆ. ನೋಟ್‌ಬುಕ್ಕುಗಳು ಎಲ್ಲೂ ಹೋಗಿರಲಿಲ್ಲ. ಅಟೆಂಡರ್ ಕಪಾಟು ತೆರೆದು, ನಿಮ್ಮದು ಮೂರನೇ ಸಾಲು ಎಂದರು. ಮೊದಲಿಗೆ ನನ್ನ ಅವಧಿಯ ಕೊನೆಯ ನೋಟ್‌ಬುಕ್ ತೆಗೆದೆ. ಮಾರುಕಟ್ಟೆಯ ದಿನ ಸಿಕ್ಕಿತು. 'ನೀಲಿ ಕಂಡಿತು' ಇತ್ತು. ಮೇಡಂ ಜೊತೆ ಯಾಕೆ ಬಂದರು ಎಂಬುದು ಎಲ್ಲೂ ಇರಲಿಲ್ಲ. ಆಮೇಲೆ ಸುಮ್ಮನೆ ಹಿಂದಿನ ನೋಟ್‌ಬುಕ್ಕುಗಳನ್ನು ತಿರುವಿದೆ, ಈ ಸಲ ಬಲಪುಟಗಳನ್ನೂ.

ಲೇಖನ ಕಳಿಸುವುದಕ್ಕೆ ಒಂದು ವರ್ಷಕ್ಕೂ ಹಿಂದಿನ ಒಂದು ಶನಿವಾರ. ಎಡಪುಟದಲ್ಲಿ ನನ್ನ ಅಂಕಿಗಳು, ಹಳೆಯ ಮೀನು ಎಂಟು ಮಾದರಿ, ಎಂಟೂ ನೀಲಿ. ಬಲಪುಟದಲ್ಲಿ ಹಸಿರು ಶಾಯಿ: 'ಫ್ರಿಜ್ಜಿನಲ್ಲಿದ್ದ ಮೀನು ಮುಟ್ಟಿ ನೋಡಿದೆ. ಉಪ್ಪು ಹಾಕಿದ ಹಾಗೆ ಉಂಟು. ಕೈ ಹೇಳ್ತದೆ, ಅಳೆದಿಲ್ಲ.' ಅದರ ಕೆಳಗೆ ನೀಲಿ ಶಾಯಿಯಲ್ಲಿ, ಓದಿದೆ, ನನ್ನ ಸೈ.

ನಾನು ಅಲ್ಲೇ ಸ್ಟೂಲಿನ ಮೇಲೆ ಕುಳಿತೆ. ಅವರು ನನಗೆ ಮೊದಲೇ ಹೇಳಿದ್ದರು. ನಾನು ಓದಿದ್ದೇನೆಂದು ಬರೆದುಕೊಟ್ಟಿದ್ದೆ. ಪತ್ರಿಕೆಗೆ ಪತ್ರ ಬರೆಯುವಾಗ ಅವರು ಈ ಪುಟ ತೆಗೆದು ನನ್ನ ಮುಂದಿಟ್ಟಿದ್ದರೆ ಸಾಕಿತ್ತು. ಇಡಲಿಲ್ಲ. ನನ್ನ ಕತೆ ನಾನು ಹೇಳುತ್ತಿದ್ದುದಕ್ಕಿಂತಲೂ ದೊಡ್ಡದಾಗಿತ್ತು ಎಂದು ಆ ಕ್ಷಣ ಅನಿಸಿತು. ಮೂರು ಗಂಟೆಗೆ ಸಭೆಯಲ್ಲಿ ಈ ಪುಟವನ್ನೇ ಎತ್ತಿ ತೋರಿಸಬೇಕು ಎಂದುಕೊಂಡು ಅವರ ಕೋಣೆಗೆ ಹೋದೆ.

ಅವರು ರಟ್ಟಿನ ಪೆಟ್ಟಿಗೆಗಳ ನಡುವೆ ಕುಳಿತು ಹಳೆಯ ಕಾಗದಗಳನ್ನು ಹರಿಯುತ್ತಿದ್ದರು. ನಾನು ಪುಟ ತೆರೆದು ಮುಂದಿಟ್ಟೆ. ಕನ್ನಡಕ ಹಣೆಗೇರಿತು. ಪುಟವನ್ನು ಮೂಗಿನ ಹತ್ತಿರ ಹಿಡಿದು ಓದಿದರು.

"ಇದು ನಿನ್ನ ಸೈ ಅಲ್ವಾ?"

"ಹೌದು ಮೇಡಂ."

"ಓದಿದ್ದಿಯಾ?"

"ನೆನಪಿಲ್ಲ."

"ಓದಿರಲಿಕ್ಕಿಲ್ಲ ಅಂತ ನನಗೆ ಅನಿಸ್ತದೆ," ಎಂದು ನಕ್ಕರು. ಆಮೇಲೆ ನಗು ನಿಂತಿತು. ಹಸಿರು ಸಾಲಿನ ಮೇಲೆ ಬೆರಳಿಟ್ಟರು. "ಇದನ್ನು ನಾನು ಯಾವ ಪುಟದಲ್ಲಿ ಬರೆದಿದ್ದೇನೆ ನೋಡು."

ನಾನು ನೋಡಿದೆ. ನನಗೆ ತಕ್ಷಣ ಅರ್ಥವಾಗಲಿಲ್ಲ.

ಅವರು ಹೇಳಿದ್ದನ್ನು ಆದಷ್ಟು ಅವರ ಕ್ರಮದಲ್ಲೇ ಬರೆಯುತ್ತೇನೆ, ಅದೇ ದಿನ ಬಸ್ಸಿನಲ್ಲಿ ಕುಳಿತು ಟಿಪ್ಪಣಿ ಮಾಡಿಕೊಂಡಿದ್ದೇನೆ. ಚಿಕ್ಕವರಿದ್ದಾಗ ಶಾಲೆ ಬಿಟ್ಟು ಅಂಗಡಿಯಲ್ಲಿ ಕೂತು ಮೀನು ವಿಂಗಡಿಸುತ್ತಿದ್ದರು. ಯಾವ ಮೀನಿಗೆ ಎಷ್ಟು ಉಪ್ಪು ಹತ್ತಿದೆ, ಎಷ್ಟು ದಿನದ್ದು, ಕಣ್ಣು ಮುಚ್ಚಿ ಹೇಳುತ್ತಿದ್ದರು. ಅಪ್ಪ ಗಿರಾಕಿಗಳೆದುರು ಹೇಳಿಸುತ್ತಿದ್ದರು. ಎಂಎಸ್ಸಿಗೆ ಸೇರಿದಾಗ ಹಾಸ್ಟೆಲಿನಲ್ಲಿ ಒಬ್ಬಳು ಇವರ ಪಕ್ಕ ಕೂರಲು ಒಪ್ಪಲಿಲ್ಲ, ಬಟ್ಟೆಯಿಂದ ಒಣಮೀನಿನ ವಾಸನೆ ಬರುತ್ತದೆ ಎಂದಳು. ಪ್ರಯೋಗಾಲಯದಲ್ಲಿ ಮೇಷ್ಟ್ರೊಬ್ಬರು, ಬೆರಳಲ್ಲಿ ಮುಟ್ಟಿ ಹೇಳುವುದು ಸಂತೆಯಲ್ಲಿ, ಇಲ್ಲಿ ಅಲ್ಲ ಎಂದರು. ಇವರು ಅದನ್ನು ಮನಸ್ಸಿಗೆ ಹಚ್ಚಿಕೊಂಡರು. ಮುಂದೆ ತಮ್ಮದೇ ಪ್ರಯೋಗಾಲಯ ಆದಾಗ ಎಡಪುಟದ ನಿಯಮ ಮಾಡಿದರು.

"ನಿಯಮ ಒಳ್ಳೆಯದೇ," ಎಂದರು. "ಆದರೆ ನನಗೆ ಅದು ಕಂಡಿತ್ತು ಮಾರಾಯ. ಅನಿಸಿದ್ದಲ್ಲ. ಹತ್ತು ವರ್ಷ ಅಂಗಡಿಯಲ್ಲಿ ಕೂತವಳ ಕೈಗೆ ಕಂಡದ್ದು ಕಂಡದ್ದೇ. ನಾನು ಅದನ್ನು ಬಲಕ್ಕೆ ಬರೆದೆ. ಬಲಕ್ಕೆ ಬರೆದದ್ದನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ, ನಾನೂ ಮಾಡಲಿಲ್ಲ. ಮರೆತೇಬಿಟ್ಟೆ."

ಮಾರುಕಟ್ಟೆಯಲ್ಲಿ ಬೆರಳು ತಿಕ್ಕಿ ನೋಡಿದಾಗ ಒಮ್ಮೆಲೇ ನೆನಪಾಯಿತಂತೆ. ಅಕ್ಕನನ್ನು ಕೇಳುವ ಮೊದಲೇ. ಪತ್ರವನ್ನು ಅವರೇ ಬರೆದದ್ದು ಅದಕ್ಕೆ.

"ನಿನ್ನನ್ನು ಉಳಿಸಲಿಕ್ಕೆ ಬರೆದದ್ದಲ್ಲ ಅದು. ತಪ್ಪು ಯಾರದ್ದೋ ಅವರ ಹೆಸರು ಬರೆದೆ. ನೀನು ಎಲ್ಲ ಕಡೆ ಬೇರೆ ಕತೆ ಹೇಳ್ತಾ ಇದ್ದಿ ಅಂತ ಕೇಳಿದ್ದೇನೆ."

ಹತ್ತು ವರ್ಷದ ಕತೆ ಹಾಗೆ ಹೋಯಿತು. ನನಗೆ ಬೇಸರವಾಯಿತೇ ಎಂದು ಆಮೇಲೆ ಕೇಳಿಕೊಂಡಿದ್ದೇನೆ. ಸ್ವಲ್ಪ ಆಯಿತು. ಆದರೆ ತ್ಯಾಗ ಮಾಡಿದವರ ಋಣದಲ್ಲಿ ಒಂದು ಬಗೆಯ ಭಾರ ಇರುತ್ತದೆ, ಅವರ ಮುಂದೆ ತಲೆ ಎತ್ತುವುದು ಕಷ್ಟ. ಅವತ್ತು ಆ ಪೆಟ್ಟಿಗೆಗಳ ನಡುವೆ ನಾವಿಬ್ಬರೂ ಒಂದೇ ಪುಟದ ಮೇಲೆ ಬಗ್ಗಿದ್ದೆವು. ಒಬ್ಬರು ತಪ್ಪು ಜಾಗದಲ್ಲಿ ಬರೆದವರು, ಇನ್ನೊಬ್ಬ ಓದದೆ ಸೈ ಹಾಕಿದವನು.

ನೋಟ್‌ಬುಕ್ಕಿನಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ, ಮುಚ್ಚುವಂತಿಲ್ಲ ಎಂಬುದು ಅವರದೇ ಇನ್ನೊಂದು ನಿಯಮ. ತಿದ್ದಬೇಕಾದರೆ ಪಕ್ಕದಲ್ಲಿ ತಿದ್ದಿ, ಆ ದಿನದ ತಾರೀಕು ಹಾಕಬೇಕು. ಮೇಡಂ ಚೀಲದಿಂದ ಪೆನ್ನು ತೆಗೆದರು. ಈಗಲೂ ಹಸಿರೇ. ಬಲಪುಟದ ಆ ಸಾಲಿನಿಂದ ಶುರುಮಾಡಿ, ಹೊಲಿಗೆ ದಾಟಿಸಿ, ಎಡಪುಟದ ನನ್ನ ಎಂಟು ಮಾದರಿಗಳ ಪಕ್ಕದವರೆಗೆ ಒಂದು ಉದ್ದ ಬಾಣ ಎಳೆದರು. ಬಾಣದ ತುದಿಯಲ್ಲಿ ತಾರೀಕು ಹಾಕಿ, ಸೈ ಹಾಕಿ, ಪೆನ್ನನ್ನು ನನಗೆ ಕೊಟ್ಟರು.

"ಓದಿ ಹಾಕು," ಎಂದರು.

ನಾನು ಎರಡು ಸಲ ಓದಿ ಹಾಕಿದೆ.

ಸಭೆಯಲ್ಲಿ ನನ್ನ ಐದು ನಿಮಿಷದಲ್ಲಿ ಅಕ್ಕನ ಉಪ್ಪಿನ ವಿಷಯ, ಬಾಣದ ವಿಷಯ ಮಾತ್ರ ಹೇಳಿದೆ. ಯಾರೂ ಮೌನವಾಗಲಿಲ್ಲ. ಭಟ್ರು ಸಾಯಬಾರದು ಎಂದು ಉಪ್ಪು ಹಾಕಿದ್ದಕ್ಕೆ ಎಲ್ಲರೂ ಜೋರಾಗಿ ನಕ್ಕರು, ಮುಂದಿನ ಸಾಲಿನಲ್ಲಿ ಅವರೂ ನಕ್ಕರು, ಈ ಸಲ ಎಲ್ಲರಿಗಿಂತ ಕೊನೆಗೆ. ಅವರ ಕೈಯಲ್ಲಿ ಪ್ರತಿ ಶನಿವಾರ ನನ್ನನ್ನು ಹಿಡಿದು ನಿಲ್ಲಿಸುವ ಒಂದು ಹಸಿರು ಪೆನ್ನು ಇತ್ತು, ಅದಕ್ಕಿಂತ ದೊಡ್ಡ ಭಾಗ್ಯ ನನ್ನ ಓದಿನ ಜೀವನದಲ್ಲಿ ಬೇರೆ ಇಲ್ಲ ಎಂದು ಹೇಳಿ ಕೆಳಗಿಳಿದೆ. ಆ ಮಾತನ್ನು ನಾನು ಅಳೆದೇ ಹೇಳಿದ್ದು.

ಸಂಜೆ ಪೆಟ್ಟಿಗೆಗಳನ್ನು ರಿಕ್ಷಾಕ್ಕೆ ಏರಿಸಿದೆವು. ಅವರು ಶಾಲು ಸರಿಮಾಡಿಕೊಂಡು ಹತ್ತಿ ಕುಳಿತರು. ಬೆಳಿಗ್ಗೆಯಿಂದ ಕೇಳಬೇಕೆಂದಿದ್ದ ಒಂದು ಪ್ರಶ್ನೆ ಉಳಿದಿತ್ತು. ಎಷ್ಟು ದಿನ ಎಂದು ಕೇಳಲು ಹೋಗಲಿಲ್ಲ.

"ಮೇಡಂ, ಆ ಪತ್ತಿರ್. ಅದು ನಿಜವಾಗಿ ಮನೆಯಲ್ಲಿ ತಪ್ಪಿ ಜಾಸ್ತಿ ಆಗ್ತಿತ್ತಾ?"

ರಿಕ್ಷಾದವ ಗಾಡಿ ಚಾಲೂ ಮಾಡಿದ. ಅವರು ಕನ್ನಡಕವನ್ನು ಹಣೆಯಿಂದ ಕಣ್ಣಿಗೆ ಇಳಿಸಿ ನನ್ನನ್ನು ನೋಡಿದರು.

"ಅದು ಬಲಪುಟದಲ್ಲೇ ಇರಲಿ ಮಾರಾಯ," ಎಂದರು.